ಬಿಳಿ ಐದರ ಗುಂಯ್: ಡಿಶ್ ಪೆಟ್ಟಿಗೆಯನ್ನು ಹಳೆಯ ಸ್ಟೀರಿಯೋಗೆ ಜೋಡಿಸಿದ ಒಂದು ಪ್ರಕರಣ

"ಸ್ಟೀರಿಯೋಗೆ ಎಂತದೋ ಮೆಟ್ಟಿಕೊಂಡಿದೆ ಮಾರಾಯ. ಒಮ್ಮೆ ಬಂದು ಬಿಡಿಸಿ ಹೋಗು."

ಮಾಷ್ಟ್ರು ಫೋನಿನಲ್ಲಿ ಹೇಳಿದ್ದು ಇಷ್ಟೇ. ನಾನು ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ರೇಡಿಯೋ, ಟೀವಿ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿರುವವನು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಇವರೇ. ಈಗ ನಿವೃತ್ತರು. ನೀರ್ಚಾಲು ಕಡೆ ಅಡಿಕೆ ತೋಟದ ನಡುವೆ ಮನೆ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು, ಚಿಕ್ಕಂದಿನಲ್ಲಿ ಸ್ವಲ್ಪ ಮದ್ದಳೆಯನ್ನೂ ಕಲಿತವರು. ಕಿವಿ ಬಹಳ ಚುರುಕು. ಈ ಪ್ರಕರಣ ಬಗೆಹರಿದದ್ದು ಅರ್ಧ ನನ್ನ ಮೀಟರಿನಿಂದ, ಇನ್ನರ್ಧ ಅವರ ಕಿವಿಯಿಂದ.

ಡಿಶ್ ಪೆಟ್ಟಿಗೆಯನ್ನು (ಸೆಟ್-ಟಾಪ್ ಬಾಕ್ಸ್) ಸ್ಟೀರಿಯೋಗೆ ಜೋಡಿಸುವುದು ಅಂದರೆ ಎರಡು ಪಿನ್ ಸಿಕ್ಕಿಸುವ ಕೆಲಸ. ಹೆಚ್ಚಿನ ಮನೆಗಳಲ್ಲಿ ಅಷ್ಟರಲ್ಲೇ ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ. ಒಂದು ದೂರಿನೊಳಗೆ ನಾಲ್ಕು ತೊಂದರೆಗಳು ಅಡಗಿದ್ದವು. ನಾಲ್ಕಕ್ಕೂ ಬೇರೆ ಬೇರೆ ಲಕ್ಷಣ. ಅವನ್ನು ಒಂದೊಂದಾಗಿ ಬಿಡಿಸಿ ಕೇಳದೆ ಸುಮ್ನೆ ಹೊಸ ಕೇಬಲ್ ತಂದು ಹಾಕಿದ್ದರೆ ಇವತ್ತಿಗೂ ಕೇಬಲ್ ತರುತ್ತಲೇ ಇರುತ್ತಿದ್ದೆ.

ಮಾಷ್ಟ್ರಿಗೆ ಬೇಕಿದ್ದದ್ದು

ಬೇಕಿದ್ದದ್ದು ಎರಡೇ. ಬೆಳಿಗ್ಗೆ ಎದ್ದ ಕೂಡಲೇ ಶಾಸ್ತ್ರೀಯ ಸಂಗೀತ, ರಾತ್ರಿ ಟೀವಿಯಲ್ಲಿ ಆಟ. ಆಟ ಅಂದರೆ ಯಕ್ಷಗಾನ. ನಮ್ಮ ಕಡೆ ಬೇರೆ ಅರ್ಥ ಇಲ್ಲ.

ಸಂಗೀತಕ್ಕೆ ಹಿಂದೆ ಅವರ ಹತ್ತಿರ ವರ್ಲ್ಡ್‌ಸ್ಪೇಸ್ ರಿಸೀವರ್ ಇತ್ತು. ಕಿಟಕಿಯಲ್ಲಿ ಚಪ್ಪಟೆ ಆಂಟೆನಾ ಇಟ್ಟುಕೊಂಡು ಉಪಗ್ರಹದಿಂದ ನೇರ ರೇಡಿಯೋ ಕೇಳುವ ಸೌಕರ್ಯ ಅದು. 2009ರ ಕೊನೆಗೆ ಭಾರತದಲ್ಲಿ ಆ ಸೇವೆ ನಿಂತಿತು. ಆಮೇಲೆ ಕೆಲವು ವರ್ಷ ಬರೀ ಕ್ಯಾಸೆಟ್. ಈಚೆಗೆ ಅವರ ಸೋದರಳಿಯ ಡಿಡಿ ಫ್ರೀ ಡಿಶ್ ಹಾಕಿಸಿಕೊಟ್ಟ. ದೂರದರ್ಶನದ ಈ ಸೇವೆ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ತಿಂಗಳ ಬಾಡಿಗೆ ಇಲ್ಲ. ಡಿಶ್ ಮತ್ತು ಪೆಟ್ಟಿಗೆಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಚಂದನ ಬರುತ್ತದೆ. ಮಾಷ್ಟ್ರಿಗೆ ಅದಕ್ಕಿಂತ ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ರಿಮೋಟಿನಲ್ಲಿ ರೇಡಿಯೋ ಬಟನ್ ಒತ್ತಿದರೆ ಆಕಾಶವಾಣಿಯ ವಾಹಿನಿಗಳ ಸಾಲೇ ತೆರೆದುಕೊಳ್ಳುತ್ತದೆ. ಅದರಲ್ಲಿ 'ರಾಗಂ' ಉಂಟು. ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ವಾಹಿನಿ.

ಆದರೆ ಕೇಳುವುದು ಟೀವಿಯಲ್ಲಿ. ಈಗಿನ ಟೀವಿ ಎರಡು ಬೆರಳು ದಪ್ಪ. ಅದರ ಸ್ಪೀಕರ್ ಕೆಳಕ್ಕೆ ಮುಖಮಾಡಿ ಮೇಜಿನ ಹಲಗೆಗೆ ಹಾಡುತ್ತದೆ. "ತಂಬೂರಿ ಅಲ್ಲ, ಸೊಳ್ಳೆ" ಅಂದರು ಮಾಷ್ಟ್ರು. ಅದೇ ಕೋಣೆಯ ಮೂಲೆಯಲ್ಲಿ 1980ರ ದಶಕದಲ್ಲಿ ಕೊಂಡ ಸ್ಟೀರಿಯೋ ಕೂತಿದೆ. ಮೊಣಕಾಲೆತ್ತರದ ಎರಡು ಮರದ ಸ್ಪೀಕರ್, ಕಬ್ಬಿಣದ ಮೈಯ ಆಂಪ್ಲಿಫೈಯರ್, ಮೇಲೆ ರೆಕಾರ್ಡ್ ಹಾಕುವ ಟರ್ನ್‌ಟೇಬಲ್, ಪಕ್ಕದಲ್ಲಿ ಕ್ಯಾಸೆಟ್ ಡೆಕ್. ಕೆಟ್ಟಿಲ್ಲ. ಮತ್ತೆ ಯಾಕೆ ಸೊಳ್ಳೆಯ ಹಾಡು ಕೇಳಬೇಕು, ಅಲ್ವಾ?

ಹಾಗಾಗಿ ಅಳಿಯನೇ ಕೂತು ಜೋಡಿಸಿದ. ಅಲ್ಲಿಂದ ಕತೆ ಶುರು.

ಫೋನೋ ತೂತಿಗೆ ಹಾಕಿದ ಪಿನ್

ನಾನು ಹೋದಾಗ ಮಾಷ್ಟ್ರ ಮನೆಯ ಅಮ್ಮ ಪುನರ್ಪುಳಿ ಶರಬತ್ತು ತಂದು ಕೊಟ್ಟರು. ಮಾಷ್ಟ್ರು ರಾಗಂ ಹಾಕಿದರು. ಯಾರೋ ಪಿಟೀಲು ನುಡಿಸುತ್ತಿದ್ದರು. ಆದರೆ ಪಿಟೀಲು ಕಂಬಳಿ ಹೊದ್ದು ಮಲಗಿದ ಹಾಗಿತ್ತು. ಮೃದಂಗದ ಪೆಟ್ಟು ಬಿದ್ದಾಗಲೆಲ್ಲ ಸ್ಪೀಕರಿನ ಕೋನು ಹೊರಕ್ಕೆ ಹಾರುತ್ತಿತ್ತು, ಸದ್ದು ಹರಿದು ಚಿಂದಿಯಾಗುತ್ತಿತ್ತು. ಹಿಂದಿನಿಂದ ಒಂದು ಗುಂಯ್. ಬಲಗಡೆ ಮಾತ್ರ ಇನ್ನೂ ಒಂದು ಗೊರಗೊರ.

ಇಷ್ಟೆಲ್ಲ ಒಟ್ಟಿಗೆ ಕೇಳಿದರೆ ಯಾರಿಗಾದರೂ ಆಂಪ್ಲಿಫೈಯರ್ ಸತ್ತಿದೆ ಅನಿಸುತ್ತದೆ. ನಾನು ಮೊದಲು ಒಂದು ಕ್ಯಾಸೆಟ್ ಹಾಕಿದೆ. ಚೊಕ್ಕವಾಗಿ ಹಾಡಿತು. ಅಂದರೆ ಆಂಪ್ಲಿಫೈಯರ್, ಸ್ಪೀಕರ್ ಎರಡೂ ಸರಿ. ಈ ಒಂದು ನಿಮಿಷದ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಜಾಸ್ತಿ.

ಆಂಪ್ಲಿಫೈಯರನ್ನು ತಿರುಗಿಸಿ ಟಾರ್ಚ್ ಹಾಕಿದೆ. ಹಿಂದೆ ನಾಲ್ಕು ಜಾಗಗಳು: ಫೋನೋ, ಟ್ಯೂನರ್, ಆಕ್ಸ್, ಟೇಪ್. ಫೋನೋಗೆ ಮಾತ್ರ ನಾವೆಲ್ಲ ನೋಡಿದ ಕೆಂಪು-ಬಿಳಿ ಆರ್‌ಸಿಎ ತೂತು. ಉಳಿದ ಮೂರಕ್ಕೂ ಹಳೆಯ ಕಾಲದ ಡಿನ್ ಸಾಕೆಟ್, ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ಉರುಟು ತೂತಿನೊಳಗೆ ಐದು ಕಣ್ಣು. ಅಳಿಯ ಈಗಿನ ಹುಡುಗ. ಕೈಯಲ್ಲಿದ್ದ ಪಿನ್ ಯಾವ ತೂತಿಗೆ ಹೊಕ್ಕಿತೋ ಅಲ್ಲಿಗೆ ತುರುಕಿದ. ಟರ್ನ್‌ಟೇಬಲಿನ ಪಿನ್ ಕಿತ್ತು, ಡಿಶ್ ಪೆಟ್ಟಿಗೆಯನ್ನು ಫೋನೋಗೆ ಹಾಕಿದ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಆ ತೂತಿನ ಆಕಾರವೇ ಹಾಗೆ ಕರೆಯುತ್ತದೆ.

ಫೋನೋ ಉಳಿದ ಮೂರರ ಹಾಗಲ್ಲ. ರೆಕಾರ್ಡಿನ ಮೇಲೆ ಓಡುವ ಸೂಜಿ ಹುಟ್ಟಿಸುವ ವಿದ್ಯುತ್ತು ಸುಮಾರು 5 ಮಿಲಿವೋಲ್ಟ್. ಅಷ್ಟು ಸಣ್ಣದನ್ನು ದೊಡ್ಡದು ಮಾಡಲು ಫೋನೋದ ಹಿಂದೆ ಒಂದು ಹೆಚ್ಚಿನ ಸರ್ಕ್ಯೂಟ್ ಇರುತ್ತದೆ. ಡಿಶ್ ಪೆಟ್ಟಿಗೆ ಕೊಡುವುದು ಜೋರಾದ ಜಾಗದಲ್ಲಿ 1ರಿಂದ 2 ವೋಲ್ಟ್, ಅಂದರೆ 200ರಿಂದ 400 ಪಟ್ಟು. ಮಗುವಿಗೆ ಹಾಲು ಕುಡಿಸುವ ಒಳಲೆಗೆ ಕೊಡಪಾನ ಬಗ್ಗಿಸಿದ ಹಾಗೆ. ಚೆಲ್ಲದೆ ಇನ್ನೇನಾಗುತ್ತದೆ?

ಕಂಬಳಿಗೂ ಕಾರಣ ಇದೇ ಸರ್ಕ್ಯೂಟ್. ರೆಕಾರ್ಡ್ ಮಾಡುವಾಗ ಕೆಳಗಿನ ಸ್ವರಗಳನ್ನು ತಗ್ಗಿಸಿ, ಮೇಲಿನ ಸ್ವರಗಳನ್ನು ಏರಿಸಿ ಕೊರೆದಿರುತ್ತಾರೆ. ಹಾಗೆ ಮಾಡದಿದ್ದರೆ ಕೊರೆತದ ಗೆರೆ ಅಗಲವಾಗಿ ಒಂದು ತಟ್ಟೆಯಲ್ಲಿ ಅಷ್ಟು ಹಾಡು ಹಿಡಿಸುವುದಿಲ್ಲ. ಫೋನೋ ಸರ್ಕ್ಯೂಟ್ ಅದನ್ನು ತಿರುಗಿಸಿ ನೇರ ಮಾಡುತ್ತದೆ, ಕೆಳಗಿನದನ್ನು ಏರಿಸಿ ಮೇಲಿನದನ್ನು ತಗ್ಗಿಸುತ್ತದೆ. ಮೊದಲೇ ನೇರವಿದ್ದ ಡಿಶ್ಶಿನ ಹಾಡನ್ನೂ ಅದು ಹಾಗೆಯೇ ತಿರುಚಿತು. ಪಿಟೀಲಿನ ಕಾಂತಿ ಹೋಯಿತು, ಮೃದಂಗ ಉಬ್ಬಿತು.

ಹಾಗಾಗಿ ಡಿಶ್ಶನ್ನು, ಬೇರೆ ಉಪಕರಣಗಳಿಗೆಂದು ಇರುವ ಆಕ್ಸ್‌ಗೆ ತರಬೇಕು. ಅದಕ್ಕೆ ಡಿನ್ ಪಿನ್ನಿನ ವೈರ್ ಬೇಕು. ಪೇಟೆಯಲ್ಲಿ ಈಗ ಸಿದ್ಧ ವೈರ್ ಸಿಗುವುದು ಕಷ್ಟ. ಅಂಗಡಿಯ ಡಬ್ಬದಲ್ಲಿ ಎರಡು ಹಳೆಯ ಪಿನ್ನುಗಳಿದ್ದವು, ಮಾರನೆಯ ದಿನ ಬೆಸುಗೆ ಹಾಕಿ ತಂದೆ. ಮಾಡಿಕೊಳ್ಳುವವರಿಗೆ ಹೇಳುತ್ತೇನೆ: ಐದು ಕಾಲಿನ ಡಿನ್‌ನಲ್ಲಿ ನಡುವಿನದು 2ನೇ ಕಾಲು, ಅದು ನೆಲ (ಗ್ರೌಂಡ್). ಆಂಪ್ಲಿಫೈಯರಿನ ಒಳಕ್ಕೆ ಹೋಗುವ ಎಡ ಸದ್ದು 3ನೇ ಕಾಲಿಗೆ, ಬಲ ಸದ್ದು 5ನೇ ಕಾಲಿಗೆ. ಟೇಪ್ ಸಾಕೆಟ್ಟಿನಲ್ಲಿ 1 ಮತ್ತು 4 ರೆಕಾರ್ಡಿಂಗಿಗಾಗಿ ಹೊರಗೆ ಬರುವ ಸದ್ದು, ಅವಕ್ಕೆ ಕೈ ಹಾಕಬಾರದು. ಕಾಲುಗಳ ಅಂಕಿ ವರಸೆಯಲ್ಲಿ ಇರುವುದಿಲ್ಲ, ಒಂದು ಬದಿಯಿಂದ 1, 4, 2, 5, 3 ಎಂದು ಹೋಗುತ್ತದೆ. ಇಲ್ಲಿ ಎಡವದವರಿಲ್ಲ. ನಾನೂ ಹಿಂದೆ ಎಡವಿದ್ದೇನೆ.

ಇನ್ನೊಂದು. ಪಿನ್ ಹಾಕುವಾಗ, ತೆಗೆಯುವಾಗ ಆಂಪ್ಲಿಫೈಯರ್ ಬಂದ್ ಇರಲಿ. ಆರ್‌ಸಿಎಯಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ನೆಲ ಆಮೇಲೆ. ಆ ಒಂದು ಕ್ಷಣದ ಭೋರ್ಗರೆತ ಹಳೆಯ ಸ್ಪೀಕರಿಗೆ ಒಳ್ಳೆಯದಲ್ಲ.

ಆಕ್ಸ್‌ಗೆ ಹಾಕಿದ ಕೂಡಲೇ ಪಿಟೀಲು ಎದ್ದು ಕೂತಿತು. ಹರಿದ ಸದ್ದು ಮಾಯ. ಮಾಷ್ಟ್ರು ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ ಹೇಳಿದರು: "ಹಾಡಿದವರು ಬಂದರು. ಆದರೆ ಕರೆಯದ ಇಬ್ಬರೂ ಒಟ್ಟಿಗೆ ಬಂದಿದ್ದಾರೆ."

ಬಲಗಡೆಯ ಗೊರಗೊರ

ಇಬ್ಬರಲ್ಲಿ ಒಬ್ಬನನ್ನು ಓಡಿಸುವುದು ಸುಲಭವಿತ್ತು. ಬಲ ಸ್ಪೀಕರಿನಲ್ಲಿ ಮಾತ್ರ ಗರಗಸ ಎಳೆದ ಹಾಗೆ ಒಂದು ಒರಟು ಸದ್ದು. ಹಾಡು ಅದರ ಹಿಂದೆ ಇಲ್ಲವೇ ಇಲ್ಲ. ಮಾಷ್ಟ್ರು ಒಂದು ಮಾತು ಹೇಳಿದರು: "ಇದು ಟೀವಿ ನೋಡುವಾಗ ಒಂದೇ ಥರ ಇರುವುದಿಲ್ಲ. ವಾರ್ತೆಯಲ್ಲಿ ಒಂದು, ಜಾಹೀರಾತಿನಲ್ಲಿ ಒಂದು."

ಆ ಮಾತು ನನಗೆ ಸಾಕಾಯಿತು. ಚಿತ್ರ ಬದಲಾದರೆ ಬದಲಾಗುವ ಸದ್ದು ಚಿತ್ರದ್ದೇ ಇರಬೇಕು. ಟೀವಿ ಹಾಕಿ ಪರೀಕ್ಷೆ ಮಾಡಿದೆ. ಪರದೆ ಬೆಳ್ಳಗಾದಾಗ ಒಂದು ಬಗೆ, ಕಪ್ಪಾದಾಗ ಇನ್ನೊಂದು ಬಗೆ, ಅಕ್ಷರಗಳು ಓಡಿದರೆ ಅದೂ ಓಡುತ್ತಿತ್ತು. ವೀಡಿಯೋ ಸಿಗ್ನಲ್ ಸೆಕೆಂಡಿಗೆ 50 ಸಲ ಚಿತ್ರದ ತಲೆಯಿಂದ ಬುಡಕ್ಕೆ ಬಂದು ಮತ್ತೆ ಮೇಲಕ್ಕೆ ಹಾರುತ್ತದೆ. ಅದನ್ನು ಸ್ಪೀಕರಿಗೆ ಕೊಟ್ಟರೆ ಕೇಳುವುದು ಹೀಗೆಯೇ.

ಅವರ ಪೆಟ್ಟಿಗೆಯಲ್ಲಿ ಹಳದಿ-ಕೆಂಪು-ಬಿಳಿ ಮೂರು ತೂತು ಇರಲಿಲ್ಲ. ಹೆಡ್‌ಫೋನಿನ ಹಾಗಿರುವ ಒಂದೇ ತೂತು. ಅದಕ್ಕೆ ಮೂರು ಕಪ್ಪು ಪಟ್ಟಿಯ ಪಿನ್ ಹಾಕಿದರೆ ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್ ಬರುತ್ತವೆ. ಈ ಪಿನ್ನಿನ ಮೇಲೆ ಎಡ, ಬಲ, ಚಿತ್ರ, ನೆಲ ಯಾವ ಉಂಗುರಕ್ಕೆ ಎನ್ನುವುದು ಎಲ್ಲರಲ್ಲೂ ಒಂದೇ ರೀತಿ ಇಲ್ಲ. ಪೆಟ್ಟಿಗೆಯ ಜೊತೆ ಬಂದ ವೈರ್ ಕಳೆದುಹೋಗಿ, ಮನೆಯಲ್ಲಿದ್ದ ಯಾವುದೋ ಕ್ಯಾಮೆರಾದ ವೈರ್ ಹಾಕಿದ್ದರು. ಅದರಲ್ಲಿ ಚಿತ್ರ ಬರುತ್ತಿದ್ದುದು ಕೆಂಪು ಪಿನ್ನಿಗೆ, ಬಲಗಡೆಯ ಸದ್ದು ಹಳದಿಗೆ. ಕೆಂಪನ್ನು ಕಿತ್ತೆ, ಹಳದಿಯನ್ನು ಹಾಕಿದೆ. ಗರಗಸ ನಿಂತಿತು, ಬಲಗಡೆ ತಂಬೂರಿ ಬಂತು. ಹೊಸ ವೈರ್ ತರಲು ಹೊರಟಿದ್ದ ಅಮ್ಮ ಕೈಯಲ್ಲಿ ಹಿಡಿದ ನೋಟನ್ನು ಮತ್ತೆ ಒಳಗಿಟ್ಟರು.

ಬಿಳಿ ಐದು

ಉಳಿದದ್ದು ಗುಂಯ್. ಇದಕ್ಕೆ ನಾನು ಎರಡು ಭಾನುವಾರ ಕೊಟ್ಟೆ.

ಎರಡೂ ಸ್ಪೀಕರಿನಲ್ಲಿ ಸಮ. ಒರಟಿಲ್ಲ, ನುಣ್ಣಗೆ ಒಂದೇ ಎಳೆ. ಮಾಷ್ಟ್ರು ಎದ್ದು ಹೋಗಿ ಹಾರ್ಮೋನಿಯಂ ತಂದರು. ತಿದಿ ಒತ್ತಿ ಒಂದೊಂದೇ ಮನೆ ನೋಡುತ್ತಾ ಹೋಗಿ ಒಂದು ಕಡೆ ನಿಂತರು. "ಬಿಳಿ ಐದು. ಕೂದಲೆಳೆಯಷ್ಟು ಏರು."

ಬಿಳಿ ಐದು ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ. ನಾನು ಬೆರಗಾದೆ. ಬಿಳಿ ಐದರ ಸ್ವರ ಮಂದ್ರದಲ್ಲಿ 98 ಹರ್ಟ್ಸ್, ಅದರ ಕೆಳಗಿನ ಸ್ಥಾಯಿಯಲ್ಲಿ 49. ನಮ್ಮ ಕರೆಂಟು 50 ಹರ್ಟ್ಸ್. ಸರಿಯಾಗಿ ಕೂದಲೆಳೆ ಏರು! ಮೀಟರ್ ತೆಗೆಯುವ ಮೊದಲೇ ಇದು ಮನೆಯ ಕರೆಂಟಿನ ಸದ್ದು ಎಂದು ಖಚಿತವಾಯಿತು.

ಕರೆಂಟು ಒಳಗೆ ನುಗ್ಗುವುದು ಎಲ್ಲಿಂದ? ಹೀಗೆ ನೋಡುತ್ತಾ ಹೋದೆ. ಡಿಶ್ ಪೆಟ್ಟಿಗೆಯ ಬದಲು ಅದೇ ಡಿನ್ ವೈರಿಗೆ ನನ್ನ ಮೊಬೈಲ್ ಹಾಕಿದೆ, ಚಾರ್ಜರ್ ಇಲ್ಲದೆ. ಗುಂಯ್ ಇಲ್ಲ. ಹಾಗಾದರೆ ವೈರೂ ಸಾಕೆಟ್ಟೂ ತಪ್ಪಿಲ್ಲ. ಮತ್ತೆ ಪೆಟ್ಟಿಗೆ ಹಾಕಿ, ಅದರ ಕರೆಂಟಿನ ಪಿನ್ನನ್ನೇ ಗೋಡೆಯಿಂದ ಕಿತ್ತೆ. ಪೆಟ್ಟಿಗೆ ಸತ್ತಿತು, ಗುಂಯ್ ಸಾಯಲಿಲ್ಲ. ಮಾಷ್ಟ್ರು ನಕ್ಕರು, "ನಾನು ಹೇಳಲಿಲ್ಲವಾ, ಮೆಟ್ಟಿಕೊಂಡಿದೆ ಅಂತ."

ಕೊನೆಗೆ ಪೆಟ್ಟಿಗೆಯ ಹಿಂದಿನ ಡಿಶ್ ಕೇಬಲನ್ನು ತಿರುಗಿಸಿ ಬಿಚ್ಚಿದೆ. ಗುಂಯ್ ಥಟ್ಟನೆ ನಿಂತಿತು.

ಈ ಕೇಬಲ್ ಬಿಚ್ಚುವಾಗ ಪೆಟ್ಟಿಗೆಯ ಕರೆಂಟು ತೆಗೆದಿರಬೇಕು. ಡಿಶ್ಶಿನ ಬಾಯಲ್ಲಿದ್ದು ಉಪಗ್ರಹದ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಇದೇ ಕೇಬಲ್ಲಿನಲ್ಲಿ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ. ಮನುಷ್ಯರಿಗೆ ಅಪಾಯವಿಲ್ಲ. ಆದರೆ ನಡುವಿನ ತಂತಿ ಹೊರಗಿನ ಜಾಲರಿಗೆ ತಾಗಿದರೆ ಪೆಟ್ಟಿಗೆ ಕೆಡಬಹುದು.

ಗುಂಯ್ ಡಿಶ್ ಕೇಬಲ್ಲಿನಿಂದ ಬರುತ್ತಿದೆ, ಪೆಟ್ಟಿಗೆ ಸತ್ತಿದ್ದರೂ ಬರುತ್ತಿದೆ. ಅಂದರೆ ಅದು ಕೇಬಲ್ಲಿನ ಹೊರಜಾಲರಿಯ ಮೇಲೆ ಸವಾರಿ ಮಾಡುತ್ತಿದೆ. ಜಾಲರಿಯಿಂದ ಪೆಟ್ಟಿಗೆಯ ಮೈ, ಅಲ್ಲಿಂದ ಸದ್ದಿನ ವೈರಿನ ನೆಲ, ಅಲ್ಲಿಂದ ಆಂಪ್ಲಿಫೈಯರಿನ ಕಬ್ಬಿಣದ ಮೈ, ಅಲ್ಲಿಂದ ಮೂರು ಪಿನ್ನಿನ ಅರ್ತ್ ಮೂಲಕ ಮನೆಯ ಹಿಂದಿನ ಅರ್ತ್ ಗುಂಡಿ. ಮೇಲೆ ಎಲ್ಲೋ ಜಾಲರಿಗೂ ಬೇರೊಂದು ಅರ್ತ್ ಸಿಕ್ಕಿದ್ದರೆ ಸುತ್ತು ಪೂರ್ತಿಯಾಗುತ್ತದೆ. ಎರಡು ಗುಂಡಿಗಳ ನಡುವೆ ಇರುವ ಚೂರು ವ್ಯತ್ಯಾಸ ಸಾಕು, ಸುತ್ತಿನಲ್ಲಿ ಕರೆಂಟು ಹರಿಯುತ್ತದೆ. ಆಂಪ್ಲಿಫೈಯರ್ ಅದನ್ನೂ ಹಾಡು ಎಂದುಕೊಂಡು ದೊಡ್ಡದು ಮಾಡುತ್ತದೆ. ಬಿಚ್ಚಿದ ಕೇಬಲ್ಲಿನ ಜಾಲರಿಗೂ ಆಂಪ್ಲಿಫೈಯರಿನ ಮೈಗೂ ನಡುವೆ ಮೀಟರ್ ಇಟ್ಟೆ. ಒಂದು ವೋಲ್ಟಿಗೂ ಕಡಿಮೆ. ಅಷ್ಟಕ್ಕೇ ಈ ಗುಂಯ್.

ಇಷ್ಟರಲ್ಲಿ ಪಕ್ಕದ ಮನೆಯವರು ಬಂದು ಕೂತಿದ್ದರು. ಅವರ ಸಲಹೆ ತಯಾರಿತ್ತು: "ಆಂಪ್ಲಿಯ ಮೂರನೇ ಪಿನ್ ಮುರಿದು ಹಾಕಿ. ನಮ್ಮಲ್ಲಿ ಹಾಗೇ ಮಾಡಿದ್ದು." ಗುಂಯ್ ನಿಲ್ಲುತ್ತದೆ, ಸುಳ್ಳಲ್ಲ. ಸುತ್ತು ಕಡಿಯುತ್ತದಲ್ಲ. ಆದರೆ ಇದು ನಲವತ್ತು ವರ್ಷದ ಟ್ರಾನ್ಸ್‌ಫಾರ್ಮರ್, ಮೈ ಪೂರ್ತಿ ಕಬ್ಬಿಣ. ಒಳಗೆ ಒಂದು ತಂತಿಯ ಸಿಪ್ಪೆ ಸುಲಿದು ಮೈಗೆ ತಾಗಿದರೆ 230 ವೋಲ್ಟ್ ಹೋಗಬೇಕಾದ ದಾರಿ ಆ ಮೂರನೇ ಪಿನ್. ಅದು ಇಲ್ಲದಿದ್ದರೆ ದಾರಿ ವಾಲ್ಯೂಮ್ ತಿರುಗಿಸುವವರ ಕೈ. ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ. ನಾನು ಈ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಮುರಿದ ಪಿನ್ನಿನ ಆಂಪ್ಲಿಫೈಯರ್ ರಿಪೇರಿಗೆ ಬಂದರೆ ಮೊದಲು ಪಿನ್ ಹಾಕಿ ಆಮೇಲೆ ಮುಚ್ಚಳ ತೆಗೆಯುತ್ತೇನೆ.

ಆ ದಿನಕ್ಕೆ ನನ್ನ ಚೀಲದಲ್ಲಿದ್ದ ಐಸೊಲೇಟರ್ ಹಾಕಿ ಬಂದೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೆ ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್. ಸದ್ದು ಒಂದು ಸುರುಳಿಯಿಂದ ಇನ್ನೊಂದಕ್ಕೆ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. ಸುತ್ತು ಅಲ್ಲಿ ಕಡಿಯುತ್ತದೆ, ಅರ್ತ್ ಹಾಗೇ ಉಳಿಯುತ್ತದೆ. ಗುಂಯ್ ನಿಂತಿತು. ನಾನು ಬೈಕು ಹತ್ತಿದೆ.

ರಾತ್ರಿ ಎಂಟಕ್ಕೆ ಫೋನ್. "ಮೃದಂಗದ ತೊಪ್ಪಿಯನ್ನು ನೀನು ತೆಗೆದುಕೊಂಡು ಹೋದೆಯಾ?"

ತೊಪ್ಪಿ ಅಂದರೆ ಮೃದಂಗದ ತಗ್ಗು ಸ್ವರದ ಎಡಬದಿ. ಒಪ್ಪಲೇಬೇಕಾಯಿತು. ಅಗ್ಗದ ಐಸೊಲೇಟರಿನ ಟ್ರಾನ್ಸ್‌ಫಾರ್ಮರಿಗೆ ಕಬ್ಬಿಣ ಸಾಲದು, ತೀರಾ ಕೆಳಗಿನ ಸ್ವರ ಅದರಲ್ಲಿ ಪೂರ್ತಿ ದಾಟುವುದಿಲ್ಲ. ಬೇರೆ ಮನೆಯಲ್ಲಾದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಮದ್ದಳೆಯ ಕಿವಿ. ಮತ್ತೆ ಇನ್ನೊಂದು ಮಾತು ಹೇಳಿದರು: "ನಿನ್ನ ಡಬ್ಬಿ ತೆಗೆದು ನೋಡಿದೆ. ಈಗ ಗುಂಯ್ ಇಲ್ಲವೇ ಇಲ್ಲ. ಸಂಜೆ ಗಾಳಿ ಇದ್ದಾಗ ಬಿಟ್ಟು ಬಿಟ್ಟು ಬರ್ತಿತ್ತು."

ಗಾಳಿಗೆ ಬರುವ ಗುಂಯ್! ರೋಗ ಮನೆಯೊಳಗೆ ಇಲ್ಲ, ಮಾಡಿನ ಮೇಲೆ ಉಂಟು.

ಮುಂದಿನ ಭಾನುವಾರ ಮೇಲೆ ಹತ್ತಿದೆ. ನಮ್ಮ ಕಡೆಯ ಎಷ್ಟೋ ಮನೆಗಳ ಹಾಗೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ್ದಾರೆ, ಅಡಿಕೆ ಒಣಗಿಸಲು. ಶೀಟಿನ ಅಂಚಿನಲ್ಲಿ ಡಿಶ್, ಆಗ್ನೇಯಕ್ಕೆ ಮುಖ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ಇರುವುದರಿಂದ ಕಾಸರಗೋಡಿನಿಂದ ಅದು ಸುಮಾರು 64 ಡಿಗ್ರಿ ಎತ್ತರದಲ್ಲಿ ಕಾಣಬೇಕು. ಡಿಶ್ಶಿಗೆ ಏನೂ ಆಗಿರಲಿಲ್ಲ. ಎಲ್‌ಎನ್‌ಬಿ ಹಿಡಿದಿದ್ದದ್ದು ಪ್ಲಾಸ್ಟಿಕ್ಕಿನ ಹಿಡಿ, ಅಲ್ಲಿಂದ ಕಬ್ಬಿಣಕ್ಕೆ ಸಂಪರ್ಕವಿಲ್ಲ. ಕೇಬಲನ್ನು ಬೆರಳಲ್ಲಿ ಹಿಡಿದುಕೊಂಡು ಹಿಂದೆ ಹಿಂದೆ ಬಂದೆ. ಏಳೆಂಟು ಮಾರು ಬಂದಾಗ ಸಿಕ್ಕಿತು. ಹಾಕಿದವರಿಗೆ ಕೇಬಲ್ ಸಾಲದೆ ಹೋಗಿದೆ. ಎರಡು ತುಂಡನ್ನು ಒಂದು ಲೋಹದ ಜಾಯಿಂಟರಿನಿಂದ ಸೇರಿಸಿದ್ದಾರೆ. ಮೇಲೆ ಟೇಪು ಸುತ್ತಿಲ್ಲ. ಜಾಯಿಂಟರ್ ಕಬ್ಬಿಣದ ಅಡ್ಡಪಟ್ಟಿಯ ಪಕ್ಕದಲ್ಲೇ ತೂಗುತ್ತಿತ್ತು. ಪಟ್ಟಿಯ ಮೇಲೆ ಆ ಜಾಗದಲ್ಲಿ ಬಣ್ಣ ಸವೆದು ಬೆರಳುಗುರಿನಷ್ಟು ಹೊಳೆಯುವ ಒಂದು ಕಲೆ. ಗಾಳಿ ಬೀಸಿದಾಗ ಕೇಬಲ್ ತೂಗುತ್ತದೆ, ಜಾಯಿಂಟರ್ ಪಟ್ಟಿಗೆ ಮುತ್ತಿಡುತ್ತದೆ. ಕಬ್ಬಿಣದ ಮಾಡಿಗೆ ಸಿಡಿಲು ರಕ್ಷಣೆಗೆಂದು ಅಂಗಳದ ಇನ್ನೊಂದು ಮೂಲೆಯಲ್ಲಿ ಬೇರೆಯೇ ಅರ್ತ್ ಗುಂಡಿ.

ನಾನು ಮೇಲಿನಿಂದ ಜಾಯಿಂಟರನ್ನು ಪಟ್ಟಿಗೆ ಒತ್ತಿದೆ. ಕೆಳಗಿನಿಂದ ಮಾಷ್ಟ್ರ ಕೂಗು, "ಬಂತು!" ಬಿಟ್ಟೆ. "ಹೋಯ್ತು!" ಮತ್ತೆ ಒತ್ತಿದೆ. "ಬಂತು!" ನಾಲ್ಕೈದು ಸಲ ಮಾಡಿದೆವು. ಎರಡು ಸಲ ಸಾಕಿತ್ತು, ಉಳಿದದ್ದು ಖುಷಿಗೆ.

ಜಾಯಿಂಟರ್ ಕಿತ್ತು, ಡಿಶ್ಶಿನಿಂದ ಪೆಟ್ಟಿಗೆಯವರೆಗೆ ಒಂದೇ ತುಂಡು ಆರ್‌ಜಿ-6 ಕೇಬಲ್ ಎಳೆದೆ. ಕಬ್ಬಿಣ ಸಿಗುವ ಕಡೆಯಲ್ಲೆಲ್ಲ ಪ್ಲಾಸ್ಟಿಕ್ ಪೈಪಿನೊಳಗೆ ಹಾಯಿಸಿದೆ. ಒಂದು ಮನೆಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅರ್ತ್ ಇರುವುದೇ ಸರಿಯಲ್ಲ, ಸಿಡಿಲು ಬಡಿದಾಗ ಎರಡರ ನಡುವಿನ ವ್ಯತ್ಯಾಸ ಸಾವಿರಾರು ವೋಲ್ಟಿಗೆ ಏರಬಹುದು. ಎರಡನ್ನೂ ದಪ್ಪ ತಾಮ್ರದ ತಂತಿಯಿಂದ ಸೇರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ ಮಾಡಿಸಿದೆವು. ಐಸೊಲೇಟರ್ ನನ್ನ ಚೀಲಕ್ಕೆ ಮರಳಿತು, ತೊಪ್ಪಿ ಮೃದಂಗಕ್ಕೆ.

ಕೋಲು ಬೀಳುವ ಮೊದಲೇ ಚೆಂಡೆ

ಮುಗಿಯಿತು ಅಂದುಕೊಂಡೆ. ಮೂರು ದಿನ ಬಿಟ್ಟು ಮಾಷ್ಟ್ರು ಅಂಗಡಿಗೇ ಬಂದರು. "ಸಂಗೀತಕ್ಕೆ ಮಾತಿಲ್ಲ. ಆದರೆ ಆಟ ನೋಡುವಾಗ ತಲೆ ತಿರುಗುತ್ತದೆ. ಕೋಲು ಮೇಲೆ ಇರುವಾಗಲೇ ಚೆಂಡೆಯ ಪೆಟ್ಟು ಕೇಳುತ್ತದೆ. ಉಪಗ್ರಹ ಅಷ್ಟು ದೂರ ಇರುವುದಕ್ಕಾ?"

ಉಪಗ್ರಹ ದೂರ ಹೌದು. ಸುಮಾರು 36,000 ಕಿಲೋಮೀಟರ್ ಮೇಲೆ. ಹತ್ತಿ ಇಳಿಯಲು ಕಾಲು ಸೆಕೆಂಡು ಬೇಕು. ಆದರೆ ಚಿತ್ರವೂ ಸದ್ದೂ ಒಂದೇ ಬಸ್ಸಿನಲ್ಲಿ ಬರುತ್ತವೆ, ತಡವಾದರೂ ಒಟ್ಟಿಗೆ. ಬೇರೆಯಾಗುವುದು ಮನೆಗೆ ಬಂದ ಮೇಲೆ. ಚಿತ್ರ ಎಚ್‌ಡಿಎಂಐ ವೈರಿನಲ್ಲಿ ಟೀವಿಗೆ ಹೋಗುತ್ತದೆ. ಟೀವಿ ಅದನ್ನು ತಿದ್ದಿ, ಹಿಗ್ಗಿಸಿ, ನಯ ಮಾಡಿ ತೋರಿಸುತ್ತದೆ, ಅದಕ್ಕೆ ಸಮಯ ಬೇಕು. ತನ್ನ ಸ್ಪೀಕರಿಗೆ ಕೊಡುವ ಸದ್ದನ್ನೂ ಅಷ್ಟೇ ಹೊತ್ತು ತಡೆದು ಜೋಡಿ ತಪ್ಪದ ಹಾಗೆ ನೋಡಿಕೊಳ್ಳುತ್ತದೆ. ನಾವು ಪೆಟ್ಟಿಗೆಯಿಂದ ನೇರ ಸ್ಟೀರಿಯೋಗೆ ಕೊಂಡುಹೋದ ಸದ್ದಿಗೆ ಆ ತಡೆ ಇಲ್ಲ. ಅದು ಓಡಿ ಬಂದು ಮೊದಲೇ ಕೂತಿರುತ್ತದೆ. ಹಳೆಯ ಡಬ್ಬ ಟೀವಿಗಳಲ್ಲಿ ಈ ತಾಪತ್ರಯ ಇರಲಿಲ್ಲ.

ಮಾಷ್ಟ್ರು ಇಷ್ಟಕ್ಕೆ ಬಿಡಲಿಲ್ಲ. "ಬಯಲಾಟದಲ್ಲಿ ಹಿಂದೆ ಕೂತು ನೋಡಿದರೂ ಚೆಂಡೆ ಹೆಚ್ಚುಕಡಿಮೆ ಆಗುತ್ತದಲ್ಲ? ಅಲ್ಲಿ ತಲೆ ತಿರುಗುವುದಿಲ್ಲ, ಇಲ್ಲಿ ಯಾಕೆ?"

ಒಳ್ಳೆಯ ಪ್ರಶ್ನೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ರಂಗಸ್ಥಳದಿಂದ 34 ಮೀಟರ್ ಹಿಂದೆ ಕೂತವರಿಗೆ ಚೆಂಡೆ ಕೇಳುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಅಲ್ಲಿ ಸದ್ದು ಯಾವತ್ತೂ ಹಿಂದೆಯೇ ಬರುತ್ತದೆ. ಲೋಕದಲ್ಲಿ ಎಲ್ಲಿಯೂ ಸದ್ದು ಮೊದಲು ಬಂದು ಪೆಟ್ಟು ಆಮೇಲೆ ಕಾಣುವುದಿಲ್ಲ. ಹಾಗಾಗಿ ನಮ್ಮ ತಲೆ ತಡವಾದ ಸದ್ದನ್ನು ಕ್ಷಮಿಸುತ್ತದೆ, ಮುಂಚೆ ಬಂದದ್ದನ್ನು ಕ್ಷಮಿಸುವುದಿಲ್ಲ. ಟೀವಿ ಪ್ರಸಾರದವರ ಅಂತರರಾಷ್ಟ್ರೀಯ ಶಿಫಾರಸಿನಲ್ಲೂ ಇದೇ ಲೆಕ್ಕ ಉಂಟು. ಸದ್ದು 125 ಮಿಲಿಸೆಕೆಂಡು ಹಿಂದಾಗುವವರೆಗೆ ನೋಡುವವರಿಗೆ ಗೊತ್ತಾಗುವುದಿಲ್ಲ, ಆದರೆ 45 ಮಿಲಿಸೆಕೆಂಡು ಮುಂದಾದರೆ ಸಾಕು, ಗೊತ್ತಾಗುತ್ತದೆ. ಮಾತಿನ ಕಾರ್ಯಕ್ರಮದಲ್ಲಿ ಹೇಗೋ ನಡೆದೀತು. ಚೆಂಡೆಯ ಉರುಳಿಕೆ, ವೇಷದ ಹೆಜ್ಜೆ ಇದ್ದಲ್ಲಿ ಅಡಗಿಸಲಾಗದು.

ಪರಿಹಾರ ಸುಲಭವಿತ್ತು. ಟೀವಿಯ ಹೆಡ್‌ಫೋನ್ ತೂತಿನಿಂದ ಇನ್ನೊಂದು ವೈರ್ ಎಳೆದು ಖಾಲಿ ಬಿದ್ದಿದ್ದ ಟ್ಯೂನರ್ ಸಾಕೆಟ್ಟಿಗೆ ಹಾಕಿದೆ. ನನ್ನ ಡಬ್ಬದ ಎರಡನೇ ಡಿನ್ ಪಿನ್ ಇಲ್ಲಿ ಖರ್ಚಾಯಿತು. ಅಲ್ಲಿಂದ ಬರುವುದು ಟೀವಿ ತಡೆದು ಕೊಡುವ ಸದ್ದು, ಚಿತ್ರದ ಜೊತೆಗೇ ಇರುತ್ತದೆ. ಟೀವಿಯ ಸೊಳ್ಳೆಯೂ ತಾನಾಗಿ ಸುಮ್ಮನಾಗುತ್ತದೆ. ಟೀವಿಯ ವಾಲ್ಯೂಮ್ ಮುಕ್ಕಾಲಿಗೆ ನಿಲ್ಲಿಸಿ, ಉಳಿದದ್ದನ್ನು ಆಂಪ್ಲಿಫೈಯರಿನಲ್ಲಿ ಮಾಡಿಕೊಳ್ಳಲು ಹೇಳಿದೆ. ಡಿಶ್ ಪೆಟ್ಟಿಗೆಗೂ ಅದೇ ಮಾತು. ಪೆಟ್ಟಿಗೆಯಲ್ಲಿ ಕಡಿಮೆ ಇಟ್ಟು ಆಂಪ್ಲಿಫೈಯರಿನಲ್ಲಿ ಜಾಸ್ತಿ ಮಾಡಿದರೆ ಸುಯ್ ಎನ್ನುವ ಸದ್ದೂ ಜೊತೆಗೆ ದೊಡ್ಡದಾಗುತ್ತದೆ.

ಹಾಗಾದರೆ ಎರಡಕ್ಕೂ ಟೀವಿಯ ವೈರೇ ಸಾಕಲ್ವಾ ಅಂತ ಕೇಳಬಹುದು. ಸಾಕು. ಆದರೆ ಆಗ ಬೆಳಗಿನ ಸಂಗೀತಕ್ಕೂ ಟೀವಿ ಉರಿಯುತ್ತಿರಬೇಕು. ಮಾಷ್ಟ್ರಿಗೆ ಐದೂವರೆಯ ಕತ್ತಲಲ್ಲಿ ಪರದೆಯ ಬೆಳಕು ಬೇಡ. ಈಗ ಅವರು ಟೀವಿ ಹಾಕುವುದೇ ಇಲ್ಲ. ಪೆಟ್ಟಿಗೆ ಚಾಲೂ ಮಾಡಿ, ರೇಡಿಯೋ ಬಟನ್ ಒತ್ತಿ, ರಾಗಂ ನಂಬರನ್ನು ಬಾಯಿಪಾಠದಿಂದ ಒತ್ತುತ್ತಾರೆ.

ತುಲಾ ತಿಂಗಳ ಗುಡುಗಿಗೆ ಮಾತ್ರ ಒಂದು ಕಟ್ಟುಪಾಡು ಮಾಡಿಸಿದ್ದೇನೆ. ನಮ್ಮಲ್ಲಿ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸಿಡಿಲಿನ ಕಾಲ. ಮೊದಲು ಸಿಡಿಲು ಡಿಶ್ಶಿನಿಂದ ಬಂದರೆ ಪೆಟ್ಟಿಗೆ, ಟೀವಿ ಹೋಗುತ್ತಿತ್ತು. ಈಗ ಅದೇ ದಾರಿ ಸ್ಟೀರಿಯೋವರೆಗೂ ಉಂಟು. ಮೋಡ ಕಪ್ಪಾಗುವಾಗಲೇ ಮೊದಲು ಕರೆಂಟಿನ ಪಿನ್ನುಗಳನ್ನೆಲ್ಲ ತೆಗೆದು, ಆಮೇಲೆ ಡಿಶ್ ಕೇಬಲನ್ನು ಬಿಚ್ಚಿ ಪೆಟ್ಟಿಗೆಯಿಂದ ದೂರ, ಕಿಟಕಿಯ ಹತ್ತಿರ ಇಡಬೇಕು. ಗುಡುಗು ಶುರುವಾದ ಮೇಲೆ ಯಾವುದನ್ನೂ ಮುಟ್ಟಬಾರದು. ಅಮ್ಮ ಇದನ್ನು ಉಪ್ಪಿನಕಾಯಿ ಭರಣಿ ಮುಚ್ಚಿದಷ್ಟೇ ನಿಷ್ಠೆಯಿಂದ ಮಾಡುತ್ತಾರೆ.

ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಇಳಿದಿದ್ದೆ. ಆಂಪ್ಲಿಫೈಯರಿನ ಗುಂಡಿಯ ಸುತ್ತ ಬಿಳಿ ಕಾಗದದ ಚೀಟಿಗಳು, ಕರಿಹಲಗೆಯ ಮೇಲೆ ನಾವು ನೋಡಿದ ಅದೇ ದುಂಡಗಿನ ಅಕ್ಷರ. ಆಕ್ಸ್ ಇದ್ದಲ್ಲಿ 'ರಾಗ'. ಟ್ಯೂನರ್ ಇದ್ದಲ್ಲಿ 'ಆಟ'. ಹಿಂದೆ, ಫೋನೋ ತೂತಿನ ಮೇಲೆ, ಸ್ವಲ್ಪ ದೊಡ್ಡ ಚೀಟಿ: 'ಇಲ್ಲಿ ಅಳಿಯಂದಿರಿಗೆ ಪ್ರವೇಶವಿಲ್ಲ.'